2,17,000 ಕಿ.ಮೀ. ಓಡಿದ ಗಾಡಿ: ಏನು ಮಾಡಿಸಿದೆ, ಏನು ಬಿಟ್ಟೆ

ಗಾಡಿ ರಿಪೇರಿಯ ಎಸ್ಟಿಮೇಟ್ ಎರಡು ಪುಟ ಇತ್ತು. 23 ಐಟಂ, ಕೆಳಗೆ ಒಟ್ಟು 1,86,000 ರೂಪಾಯಿ. ಗಾಡಿ ಮನೆಗೆ ಬಂದು ಆಗಿನ್ನೂ ಒಂಬತ್ತು ದಿನ. ಅದಕ್ಕೆ ಕೊಟ್ಟಿದ್ದೇ 4,10,000. ಸರ್ವಿಸ್ ಸೆಂಟರಿನ ಹುಡುಗ ಆ ಕಾಗದವನ್ನು ನನಗೆ ಕೊಡದೆ ನಮ್ಮ ಯಜಮಾನರ ಕೈಗೆ ಕೊಟ್ಟ. ಅವರು ನೋಡದೆಯೇ ನನ್ನ ಕಡೆ ದಾಟಿಸಿದರು. ಅವರಿಗೆ ಗಾಡಿ ಓಡಿಸಲು ಬರುವುದಿಲ್ಲ.

ನಾನು ತೀರ್ಥಹಳ್ಳಿ ತಾಲೂಕಿನಲ್ಲಿ ಹೈಸ್ಕೂಲ್ ಟೀಚರ್. ಮನೆ ತೋಟದೊಳಗೆ. ಟಾರ್ ರಸ್ತೆಯಿಂದ ಮುಕ್ಕಾಲು ಕಿಲೋಮೀಟರ್ ಮಣ್ಣು ದಾರಿ, ಮಧ್ಯೆ ಒಂದು ಹಳ್ಳ. ಮಳೆಗಾಲ ಪೂರ್ತಿ ನಮ್ಮ ಹಳೇ ಸಣ್ಣ ಕಾರು ರಸ್ತೆ ಬದಿಯ ಶೆಡ್ಡಿನಲ್ಲೇ ನಿಲ್ಲುತ್ತಿತ್ತು. ಅಮ್ಮನನ್ನು ತಿಂಗಳಿಗೊಮ್ಮೆ ಮಣಿಪಾಲಕ್ಕೆ ಕರೆದುಕೊಂಡು ಹೋಗಬೇಕು. ಅವರಿಗೆ ಮಂಡಿ ನೋವು. ಸಣ್ಣ ಕಾರಿನಲ್ಲಿ ಕೂರುವುದೆಂದರೆ ಬಾವಿಗೆ ಇಳಿದ ಹಾಗೆ, ಏಳುವುದು ಇನ್ನೂ ಕಷ್ಟ. ಎತ್ತರದ ಗಾಡಿ ಬೇಕಿತ್ತು, ಹೊಸದಕ್ಕೆ ದುಡ್ಡಿರಲಿಲ್ಲ. 2013ರಲ್ಲಿ ರಿಜಿಸ್ಟರ್ ಆದ ಏಳು ಸೀಟಿನ ಡೀಸೆಲ್ ಎಸ್‌ಯುವಿಯೊಂದು 2024ರ ಆಗಸ್ಟ್‌ನಲ್ಲಿ ಶಿವಮೊಗ್ಗದಲ್ಲಿ ಸಿಕ್ಕಿತು. ಯಾವ ಕಂಪನಿ ಅಂತ ಹೇಳುವುದಿಲ್ಲ. ಎರಡು ಲಕ್ಷ ದಾಟಿದ ಮೇಲೆ ಹೆಚ್ಚು ಕಡಿಮೆ ಎಲ್ಲ ಗಾಡಿಯದ್ದೂ ಇದೇ ಕಥೆ.

ಮೀಟರ್ 2,17,000 ತೋರಿಸುತ್ತಿತ್ತು. ಅದನ್ನು ನಾನು ನಂಬಿದೆ. ಮೀಟರ್ ಹಿಂದಕ್ಕೆ ತಿರುಗಿಸುವವರು ಒಂದು ಲಕ್ಷದೊಳಗೆ ತಂದು ನಿಲ್ಲಿಸುತ್ತಾರೆಯೇ ಹೊರತು ಎರಡು ಲಕ್ಷದ ಮೇಲೆ ಬಿಡುವುದಿಲ್ಲ. ಕ್ಲಚ್ ಪೆಡಲಿನ ರಬ್ಬರ್ ಸವೆದು ಕಬ್ಬಿಣ ಕಾಣುತ್ತಿತ್ತು. ವಯಸ್ಸು ಮುಚ್ಚಿಡದ ಗಾಡಿ ಅನ್ನಿಸಿತು.

ಕೊಟ್ಟು ಉಳಿದ ದುಡ್ಡು 75,000. ಎಸ್ಟಿಮೇಟ್ 1,86,000. ಏನೋ ಬಿಡಲೇಬೇಕು. ಏನು ಬಿಡುವುದು?

ಮೊದಲು ಕೂತು ವರ್ಷ ಎಣಿಸಿದೆ. ಆರ್.ಸಿ. 15 ವರ್ಷದ್ದು, 2028ಕ್ಕೆ ಮುಗಿಯುತ್ತದೆ. 2024ರಲ್ಲಿ ದೆಹಲಿಯಲ್ಲಿ ಡೀಸೆಲ್ ಗಾಡಿಗೆ ಹತ್ತೇ ವರ್ಷದ ಲೆಕ್ಕ ಇತ್ತು. ನಮ್ಮಲ್ಲಿ ಹಾಗಿಲ್ಲ, ಎಫ್.ಸಿ. ಮಾಡಿಸಿ ಇನ್ನೈದು ವರ್ಷ ಮುಂದುವರಿಸಬಹುದು. ಆದರೆ ಅದು 2028ರ ಮಾತು. ನನ್ನ ಲೆಕ್ಕ ನಾಲ್ಕು ವರ್ಷ, ವರ್ಷಕ್ಕೆ 15,000 ಕಿ.ಮೀ. ಅಂದರೆ ಗಾಡಿ ಇನ್ನು 60,000 ಓಡಿದರೆ ಸಾಕು. ಇನ್ನೂ ಎರಡು ಲಕ್ಷ ಓಡುವ ಹಾಗೆ ರಿಪೇರಿ ಮಾಡಿಸಿದರೆ ಅದರ ಲಾಭ ನನಗಲ್ಲ, ನನ್ನ ಕೈಯಿಂದ ಕೊಳ್ಳುವವರಿಗೆ. ಪೇಂಟಿಂಗ್, ಸೀಟ್ ಕವರ್, ಹಿಂದಿನ ಬಂಪರ್ ಹೀಗೇ ಹೋದವು. 23ರಲ್ಲಿ ಮೂರು ಕಡಿಮೆ.

ಉಳಿದದ್ದಕ್ಕೆ ಶಾಲೆಯ ಹಳೇ ಹಾಜರಿ ಪುಸ್ತಕದ ಖಾಲಿ ಹಾಳೆಯಲ್ಲಿ ಮೂರು ಕಾಲಂ ಎಳೆದೆ. ಬಿಟ್ಟರೆ ಪ್ರಾಣಕ್ಕೆ. ಬಿಟ್ಟರೆ ಜೇಬಿಗೆ. ಬಿಟ್ಟರೆ ಕಿವಿಗೆ. ಮೊದಲನೆಯದು ಬ್ರೇಕು, ಸ್ಟೇರಿಂಗು, ಟೈರು. ಎರಡನೆಯದು ಈಗ ಕೆಲವು ಸಾವಿರದಲ್ಲಿ ಮುಗಿಯುವಂಥದ್ದು, ಬಿಟ್ಟರೆ ಇಂಜಿನ್ನನ್ನೇ ತಿನ್ನುವಂಥದ್ದು. ಮೂರನೆಯದು ಬರೀ ಕಿರಿಕಿರಿ. ಐಟಂಗಳನ್ನು ಒಂದೊಂದಾಗಿ ಬರೆಯಲು ಕೂತರೆ ನಾಲ್ಕನೆಯದಕ್ಕೇ ಪೆನ್ನು ನಿಂತಿತು. 'ಲೋವರ್ ಆರ್ಮ್ ಅಸೆಂಬ್ಲಿ ಎರಡೂ ಕಡೆ' ಅಂದರೆ ಪ್ರಾಣವೋ ಕಿವಿಯೋ ನನಗೆ ಹೇಗೆ ಗೊತ್ತಾಗಬೇಕು?

ತೀರ್ಥಹಳ್ಳಿಯಲ್ಲಿ ನಮಗೆ ಪರಿಚಯದ ಮೆಕ್ಯಾನಿಕ್ ಒಬ್ಬರಿದ್ದಾರೆ. ನಾನು ಅಣ್ಣ ಅನ್ನುತ್ತೇನೆ, ಅವರು ಟೀಚ್ರೆ ಅನ್ನುತ್ತಾರೆ. ಅವರ ಇಬ್ಬರು ಮಕ್ಕಳೂ ನನ್ನ ಕ್ಲಾಸಿನಲ್ಲಿ ಓದಿದವರು. ಒಂದು ಭಾನುವಾರ ಗಾಡಿ ತೆಗೆದುಕೊಂಡು ಹೋಗಿ ಎಸ್ಟಿಮೇಟ್ ಮುಂದಿಟ್ಟೆ. ಅವರು ಓದಲಿಲ್ಲ. ಕನ್ನಡಕ ಹಾಕಿಕೊಂಡು ಕೊನೆಯ ಮೊತ್ತ ಮಾತ್ರ ನೋಡಿ, ಮಡಚಿ ಡ್ಯಾಶ್‌ಬೋರ್ಡ್ ಮೇಲಿಟ್ಟರು.

"ಮುಂದ್ಗಡೆ ಕಟಕಟ ಅಂತ ಸದ್ದು ಬರುತ್ತೆ ಅಣ್ಣ, ಅದನ್ನ ಮೊದ್ಲು ನೋಡಿ" ಅಂದೆ.

"ಸದ್ದು ಬರೋದು ಎಲ್ಲಿಗೂ ಹೋಗಲ್ಲ ಟೀಚ್ರೆ. ಸದ್ದು ಬರ್ದೇ ಇರೋದು ಮೊದ್ಲು ನೋಡಣ."

ಚಕ್ರ ಬಿಚ್ಚಿದರು. ಡಿಸ್ಕಿನ ಅಂಚಿಗೆ ಉಗುರು ತಾಗಿಸಿ ಎಳೆಯಲು ಹೇಳಿದರು. ಉಗುರು ಅಂಚಿಗೆ ಸಿಕ್ಕಿಕೊಂಡಿತು. ಪ್ಯಾಡ್ ತಿಕ್ಕಿದ ಕಡೆ ಸವೆದು ಹೊರಗೆ ದಂಡೆ ಉಳಿದಿತ್ತು. ಡಿಸ್ಕಿನ ಮೇಲೆಯೇ ಕನಿಷ್ಠ ಎಷ್ಟು ದಪ್ಪ ಇರಬೇಕೆಂದು ಅಚ್ಚು ಹಾಕಿರುತ್ತಾರೆ, ನಮ್ಮದರಲ್ಲಿ 24 ಮಿ.ಮೀ. ಇತ್ತು. ವರ್ನಿಯರ್ ಹಿಡಿದು ನೋಡಿದರೆ 23.4. ಕ್ಲಾಸಿನಲ್ಲಿ ವರ್ನಿಯರ್ ಕ್ಯಾಲಿಪರ್ಸ್ ಪಾಠ ಮಾಡುತ್ತಾ ಬಂದವಳಿಗೆ ಅದನ್ನು ಕೆಲಸಕ್ಕೆ ಹಿಡಿದದ್ದು ಅದೇ ಮೊದಲು. ಹಿಂದಿನ ಡ್ರಮ್ ತೆಗೆದಾಗ ಒಂದು ವೀಲ್ ಸಿಲಿಂಡರ್ ಜಿನುಗಿ ಬ್ರೇಕ್ ಶೂ ಪೂರ್ತಿ ಒದ್ದೆಯಾಗಿತ್ತು. ಬ್ರೇಕ್ ಆಯಿಲ್ ಡಬ್ಬಿಯಲ್ಲಿ ಇದ್ದದ್ದು ಡಿಕಾಕ್ಷನ್ ಬಣ್ಣದ್ದು. ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತದೆ. ಘಾಟಿ ಇಳಿಯುವಾಗ ಬ್ರೇಕ್ ಕಾದರೆ ಆ ನೀರು ಆವಿಯಾಗಿ ಪೆಡಲ್ ಮೆತ್ತಗೆ ಕೆಳಗಿಳಿಯುತ್ತದೆ. ತಿಂಗಳಿಗೊಮ್ಮೆ ಆಗುಂಬೆ ಇಳಿಯುವವಳಿಗೆ ಇದರಲ್ಲಿ ಚೌಕಾಸಿ ಇಲ್ಲ. ಡಿಸ್ಕ್, ಪ್ಯಾಡ್, ಶೂ, ಸಿಲಿಂಡರ್, ಹೋಸ್, ಆಯಿಲ್ ಎಲ್ಲ ಸೇರಿ 14,200. ಇಷ್ಟೆಲ್ಲ ಇದ್ದರೂ ಓಡಿಸುವಾಗ ಬ್ರೇಕ್ ಚೆನ್ನಾಗಿಯೇ ಇದೆ ಅನ್ನಿಸಿತ್ತು!

ಆಮೇಲೆ ಹಾರೆ ತಂದರು. ಅದರ ತುದಿಯನ್ನು ಚಕ್ರದ ಅಡಿಗೆ ಕೊಟ್ಟು ಮೇಲಕ್ಕೆ ಮೀಟಿದರು. ಎಡಗಡೆ ಏನೂ ಇಲ್ಲ. ಬಲಗಡೆ ಸಣ್ಣಗೆ ಟಕ್ ಅಂತು. "ಇಲ್ಲಿ ಬೆರಳಿಡಿ" ಅಂದರು. ರಬ್ಬರ್ ಬೂಟಿನ ಮೇಲೆ ಬೆರಳಿಟ್ಟೆ, ಅವರು ಮತ್ತೆ ಮೀಟಿದರು. ಒಳಗಿನ ಗುಂಡು ತನ್ನ ಗೂಡಿನಲ್ಲಿ ಅಲ್ಲಾಡುವುದು ಬೆರಳಿಗೇ ಗೊತ್ತಾಯಿತು. ಬಾಲ್ ಜಾಯಿಂಟ್. ಅದು ಕಳಚಿಕೊಂಡರೆ ಚಕ್ರ ಒಂದು ಕಡೆ ಮಲಗಿಬಿಡುತ್ತದೆ. ನಮ್ಮ ತಲೆ ತಿಂದಿದ್ದ ಕಟಕಟ ಸದ್ದಿಗೂ ಇದಕ್ಕೂ ಸಂಬಂಧವೇ ಇರಲಿಲ್ಲ. ಆ ಸದ್ದು ಸ್ಟೆಬಿಲೈಸರ್ ಲಿಂಕ್ ರಾಡಿನದು, 1,800 ರೂಪಾಯಿಯ ಬಾಬತ್ತು. ಎಸ್ಟಿಮೇಟಿನಲ್ಲಿ ಸಸ್ಪೆನ್ಷನ್ನಿಗೆ 41,000 ಹಾಕಿದ್ದರು: ಆರ್ಮ್ ಪೂರ್ತಿ ಸೆಟ್, ನಾಲ್ಕೂ ಶಾಕ್ ಅಬ್ಸಾರ್ಬರ್. ಅಣ್ಣ ಬಾಲ್ ಜಾಯಿಂಟ್ ಮಾತ್ರ ಎರಡೂ ಕಡೆ ಬದಲಾಯಿಸಿದರು, ಲಿಂಕ್ ರಾಡ್ ಹಾಕಿದರು, ಎಣ್ಣೆ ಸೋರುತ್ತಿದ್ದ ಹಿಂದಿನ ಶಾಕ್ ಜೋಡಿ ಬದಲಾಯಿಸಿದರು. 11,800ಕ್ಕೆ ಮುಗಿಯಿತು. ಆರ್ಮಿನ ರಬ್ಬರ್ ಬುಷ್‌ಗಳು ಇನ್ನೊಂದು ಮಳೆಗಾಲ ನೋಡಲಿ ಅಂದರು. ಈಗ ಎರಡು ಮಳೆಗಾಲ ನೋಡಿವೆ.

ಟೈರ್ ವಿಷಯದಲ್ಲಿ ನನಗೂ ಅವರಿಗೂ ಸ್ವಲ್ಪ ಜಟಾಪಟಿಯಾಯಿತು. ನಾಲ್ಕರಲ್ಲೂ ರಸ್ತೆಗೆ ತಾಗುವ ಗುಂಡಿಗಳು ಚೆನ್ನಾಗಿದ್ದವು, ಸವೆದಿರಲಿಲ್ಲ. ನಾನು ಬೇಡ ಅಂದೆ. ಅವರು ಟೈರಿನ ಪಕ್ಕದಲ್ಲಿ ಮೊಟ್ಟೆಯಾಕಾರದ ಚೌಕಟ್ಟಿನೊಳಗಿದ್ದ ನಾಲ್ಕು ಅಂಕಿ ತೋರಿಸಿದರು: 1117. ಅಂದರೆ 2017ರ 11ನೇ ವಾರ ತಯಾರಾದದ್ದು. ಹೆಬ್ಬೆರಳಿನಿಂದ ಪಕ್ಕದ ರಬ್ಬರ್ ಒತ್ತಿದರು. ಬೇಸಿಗೆಯಲ್ಲಿ ಗದ್ದೆ ಬಿರಿಯುವ ಹಾಗೆ ಸಣ್ಣ ಬಿರುಕುಗಳು ಬಾಯಿ ತೆರೆದವು. ಇಂಥವು ಎರಡು. ಇನ್ನೆರಡು 2021ರವು, ಚೆನ್ನಾಗಿದ್ದವು. ಎರಡು ಹೊಸದು ಹಾಕಿಸಿದೆ, 16,400. ಹೊಸದು ಹಿಂದಕ್ಕೆ ಹಾಕಿ ಅಂದರೆ ಟೈರ್ ಅಂಗಡಿಯವನು ನಕ್ಕ. ಎಲ್ಲರೂ ಮುಂದಕ್ಕೆ ಹಾಕಿಸುತ್ತಾರಂತೆ. ಮಳೆಯಲ್ಲಿ ಮುಂದಿನ ಚಕ್ರ ಜಾರಿದರೆ ಆಕ್ಸಿಲರೇಟರಿನಿಂದ ಕಾಲು ತೆಗೆದು ಹೇಗೋ ಸಂಭಾಳಿಸಬಹುದು, ಹಿಂದಿನದು ಜಾರಿದರೆ ಗಾಡಿಯೇ ತಿರುಗಿ ನಿಲ್ಲುತ್ತದೆ. ನಾನು ಜಗ್ಗಲಿಲ್ಲ.

ಪ್ರಾಣದ ಕಾಲಂ ಇಷ್ಟಕ್ಕೆ ಮುಗಿಯಿತು ಅಂದುಕೊಂಡೆ. ಜೇಬಿನದಕ್ಕೆ ಬಂದೆವು.

ಟೈಮಿಂಗ್ ಬೆಲ್ಟ್ (ಇಂಜಿನ್ನಿನ ಪಿಸ್ಟನ್, ವಾಲ್ವ್ ತಾಳ ತಪ್ಪದ ಹಾಗೆ ಹಿಡಿದಿಡುವ ಪಟ್ಟಿ) ಬದಲಾಯಿಸಿದ್ದೇವೆ ಎಂದು ಮಾರಿದವರು ಹೇಳಿದ್ದರು. ಬಿಲ್ ಇರಲಿಲ್ಲ. ಕವರ್ ತೆಗೆದು ನೋಡಿದರೆ ಬೆಲ್ಟ್ ನೋಡಲು ಚೆನ್ನಾಗಿಯೇ ಇತ್ತು. ಆದರೆ ಬೆಲ್ಟ್ ಹೇಳಿ ಕೇಳಿ ತುಂಡಾಗುವುದಿಲ್ಲ. ತುಂಡಾದರೆ ಪಿಸ್ಟನ್ ಹೋಗಿ ವಾಲ್ವ್‌ಗೆ ಬಡಿಯುತ್ತದೆ, ಹೆಡ್ ಬಿಚ್ಚುವ ಕೆಲಸ, ಗಾಡಿಯ ಬೆಲೆಯ ಕಾಲು ಭಾಗ ಅಲ್ಲೇ ಹೋಯಿತು. ಬಿಲ್ ಇಲ್ಲ ಅಂದರೆ ಬದಲಾಯಿಸಿಲ್ಲ ಅಂತಲೇ ಲೆಕ್ಕ. ನನ್ನ ಗಾಡಿಯಲ್ಲಿ ವಾಟರ್ ಪಂಪನ್ನೂ ಅದೇ ಬೆಲ್ಟ್ ತಿರುಗಿಸುತ್ತದೆ. ಬಿಚ್ಚುವ ಕೂಲಿ ಒಂದೇ. ಹಾಗಾಗಿ ಬೆಲ್ಟ್, ಟೆನ್ಷನರ್, ಪಂಪ್ ಮೂರೂ ಒಟ್ಟಿಗೆ, 13,500.

ಕೂಲೆಂಟ್ ಟ್ಯಾಂಕಿನಲ್ಲಿ ಇದ್ದದ್ದು ಕೂಲೆಂಟ್ ಅಲ್ಲ, ಕೆಂಪು ನೀರು. ಬೋರ್‌ವೆಲ್ ನೀರು ಸುರಿದು ಸುರಿದು ತುಕ್ಕು ಹಿಡಿದಿತ್ತು. ಇನ್ನೊಂದು ತಮಾಷೆ. ಶಿವಮೊಗ್ಗದಿಂದ ತರುವಾಗ ಟೆಂಪರೇಚರ್ ಮುಳ್ಳು ಅರ್ಧದವರೆಗೂ ಏರಿರಲಿಲ್ಲ. ಇಂಜಿನ್ ತಣ್ಣಗಿದೆ, ಒಳ್ಳೆಯದೇ ಎಂದು ಖುಷಿಪಟ್ಟಿದ್ದೆ.

"ತಣ್ಣಗಿದ್ರೆ ಒಳ್ಳೇದು ಅಂತ ಯಾರು ಹೇಳಿದ್ರು? ಒಲೆ ಉರೀದೆ ಅನ್ನ ಬೇಯುತ್ತಾ?" ಅಂದ ಅಣ್ಣ ಥರ್ಮೋಸ್ಟಾಟ್ (ಇಂಜಿನ್ ಬಿಸಿಯಾಗುವ ತನಕ ಕೂಲೆಂಟ್ ತಡೆಯುವ ಬಾಗಿಲು) ಇರುವ ಜಾಗ ಬಿಚ್ಚಿದರು. ಒಳಗೆ ಖಾಲಿ. ಯಾವಾಗಲೋ ಗಾಡಿ ಬಿಸಿಯಾಗಿದೆ, ಯಾರೋ ಥರ್ಮೋಸ್ಟಾಟ್ ಕಿತ್ತು ಬಿಸಾಕಿದ್ದಾರೆ. ಇಂಜಿನ್ ಯಾವಾಗಲೂ ಅರ್ಧ ಬೆಂದ ಸ್ಥಿತಿಯಲ್ಲೇ ಓಡುತ್ತಿತ್ತು, ಡೀಸೆಲ್ ಸುಮ್ಮನೆ ಹೋಗುತ್ತಿತ್ತು. ಫ್ಲಷ್ ಮಾಡಿ, ಥರ್ಮೋಸ್ಟಾಟ್, ಹೋಸ್, ಹೊಸ ಕೂಲೆಂಟ್ ಹಾಕಿದ ಮೇಲೆ ಲೀಟರಿಗೆ ಹತ್ತೂವರೆ ಕೊಡುತ್ತಿದ್ದದ್ದು ಹನ್ನೆರಡರ ಹತ್ತಿರ ಬಂತು. 1,86,000ದ ಪಟ್ಟಿಯಲ್ಲಿ ಈ ಥರ್ಮೋಸ್ಟಾಟ್ ಇರಲೇ ಇಲ್ಲ.

ಎಸ್ಟಿಮೇಟಿನ ದೊಡ್ಡ ಗಂಟು ಇಂಜಿನ್ನಿಗೆ ಡೀಸೆಲ್ ಚಿಮ್ಮಿಸುವ ಇಂಜೆಕ್ಟರ್: ನಾಲ್ಕಕ್ಕೆ 72,000. ಬೆಳಿಗ್ಗೆ ಗಾಡಿ ಸ್ಟಾರ್ಟ್ ಆಗಲು ಏಳೆಂಟು ಸೆಕೆಂಡ್ ಕೊರಗುತ್ತಿತ್ತು, ಬಿಳಿ ಹೊಗೆ ಉಗುಳುತ್ತಿತ್ತು. ಅದಕ್ಕೇ ಬರೆದಿದ್ದರು. ಅಣ್ಣ ಮೆಡಿಕಲ್ ಶಾಪಿನಿಂದ ಡ್ರಿಪ್ ಹಾಕುವ ಪೈಪ್ ತರಿಸಿದರು. ನಾಲ್ಕೂ ಇಂಜೆಕ್ಟರಿನ ರಿಟರ್ನ್ ಬಾಯಿಗೆ ಒಂದೊಂದು ಪೈಪ್, ಇನ್ನೊಂದು ತುದಿ ನಾಲ್ಕು ಖಾಲಿ ಬಾಟಲಿಯೊಳಗೆ. ಇಂಜಿನ್ ಚಾಲೂ ಮಾಡಿ ಐದು ನಿಮಿಷ ಬಿಟ್ಟರು. ಬಾಟಲಿಗಳನ್ನು ಸಾಲಾಗಿ ನಿಲ್ಲಿಸಿದಾಗ ಮೂರರಲ್ಲಿ ಡೀಸೆಲ್ ಒಂದೇ ಮಟ್ಟ, ಮೂರನೇ ಇಂಜೆಕ್ಟರಿನದರಲ್ಲಿ ಒಂದೂವರೆ ಪಟ್ಟು. ವಾಪಸ್ ಬರುವ ಡೀಸೆಲ್ ಹೆಚ್ಚಾದರೆ ಆ ಇಂಜೆಕ್ಟರ್ ಸವೆದಿದೆ ಅಂತ ಅರ್ಥ. ಕ್ಲಾಸಿನಲ್ಲಿ ಒಬ್ಬ ಹುಡುಗ ಸ್ವಲ್ಪ ಹಿಂದಿದ್ದಾನೆ ಅಂತ ಇಡೀ ಬೆಂಚನ್ನೇ ಫೇಲ್ ಮಾಡಲು ಆಗುತ್ತದೆಯೇ? ಸ್ಟಾರ್ಟಿಂಗ್ ತೊಂದರೆಗೆ ಬೇರೆ ಕಾರಣ ಹುಡುಕಿದರು. ಸ್ಟಾರ್ಟ್ ಮಾಡುವಾಗ ತಣ್ಣಗಿರುವ ಇಂಜಿನ್ನನ್ನು ಒಳಗಿಂದ ಕಾಯಿಸುವ ಗ್ಲೋ ಪ್ಲಗ್‌ಗಳಿಗೆ ಮಲ್ಟಿಮೀಟರ್ ಹಿಡಿದರೆ ನಾಲ್ಕರಲ್ಲಿ ಎರಡು ಸತ್ತಿದ್ದವು. ಅವು ಬಿಚ್ಚುವಾಗ ಹೆಡ್ಡಿನೊಳಗೇ ಮುರಿಯುವ ಭಯ ಇರುತ್ತದೆ. ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಎಣ್ಣೆ ಹೊಡೆದಿಟ್ಟು, ಮರುದಿನ ಇಂಜಿನ್ ಬಿಸಿ ಮಾಡಿ, ಅರ್ಧ ಸುತ್ತು ಮುಂದೆ, ಕಾಲು ಸುತ್ತು ಹಿಂದೆ ಅಂತ ಒಂದು ಗಂಟೆ ತೆಗೆದರು. ನಾನು ಉಸಿರು ಬಿಗಿಹಿಡಿದು ನಿಂತಿದ್ದೆ. 3,600 ಆಯಿತು. ಡಿಸೆಂಬರ್ ಚಳಿಯಲ್ಲೂ ಈಗ ಎರಡನೇ ಸೆಕೆಂಡಿಗೆ ಸ್ಟಾರ್ಟ್. ಇಂಜೆಕ್ಟರ್ ಮುಟ್ಟಿಲ್ಲ.

ಇಂಜಿನ್ ಒಳಗಿನ ಆರೋಗ್ಯಕ್ಕೆ ಅವರು ಮಾಡಿದ ಪರೀಕ್ಷೆ ನನಗೆ ಬಹಳ ಇಷ್ಟವಾಯಿತು. ಇಂಜಿನ್ ಓಡುತ್ತಿರುವಾಗ ಆಯಿಲ್ ಹಾಕುವ ಬಾಯಿಯ ಮುಚ್ಚಳ ತೆಗೆದು, ಅದನ್ನೇ ತಲೆಕೆಳಗಾಗಿ ಬಾಯಿಯ ಮೇಲಿಟ್ಟರು. ಪಿಸ್ಟನ್ ರಿಂಗ್ ಸವೆದಿದ್ದರೆ ಕೆಳಗಿನ ಗಾಳಿ ಅದನ್ನು ಎಸೆದುಬಿಡುತ್ತದಂತೆ. ನಮ್ಮದು ಇಡ್ಲಿ ಪಾತ್ರೆಯ ಮುಚ್ಚಳದ ಹಾಗೆ ಸ್ವಲ್ಪ ನಡುಗಿತು, ಬೀಳಲಿಲ್ಲ. "ಇನ್ನೂ ಒಂದು ಲಕ್ಷ ಅಡ್ಡಿಯಿಲ್ಲ" ಅಂದರು. ಇದನ್ನು ಕೊಳ್ಳುವ ಮೊದಲು ಮಾಡಬೇಕಿತ್ತು ಅಲ್ವಾ?

ಕ್ಲಚ್ ಮಾತ್ರ ನಿಜಕ್ಕೂ ಯೋಚನೆಗೆ ಹಚ್ಚಿತು. ಪೆಡಲ್ ಪೂರ್ತಿ ಮೇಲೆ ಬಂದ ಮೇಲೆ ಹಿಡಿಯುತ್ತಿತ್ತು, ಅಂದರೆ ಪ್ಲೇಟ್ ಸವೆದಿದೆ. ಅಣ್ಣ ಏರಿನಲ್ಲಿ ಮೂರನೇ ಗೇರಿನಲ್ಲಿ ಜೋರಾಗಿ ಕಾಲು ಕೊಟ್ಟು ನೋಡಿದರು. ಇಂಜಿನ್ನಿನ ಆರ್‌ಪಿಎಂ ಒಂದೇ ಏರಿ ಗಾಡಿಯ ವೇಗ ಏರದಿದ್ದರೆ ಕ್ಲಚ್ ಜಾರುತ್ತಿದೆ ಅಂತ ಅರ್ಥ. ಜಾರಲಿಲ್ಲ. ಜೊತೆಗೆ ಇಂಜಿನ್ ಹಿಂದಿನ ಆಯಿಲ್ ಸೀಲ್ ಜಿನುಗುತ್ತಿತ್ತು. ಸೀಲಿನ ಬೆಲೆ 600. ಆದರೆ ಅದು ಕೂತಿರುವುದು ಫ್ಲೈವೀಲ್ ಹಿಂದೆ. ಗೇರ್ ಬಾಕ್ಸ್ ಇಳಿಸದೆ ಕೈ ಹೋಗುವುದಿಲ್ಲ. ಕ್ಲಚ್‌ಗೂ ಅದೇ ಗೇರ್ ಬಾಕ್ಸ್ ಇಳಿಸಬೇಕು. ಈಗ ಸೀಲ್‌ಗಾಗಿ ಒಮ್ಮೆ ಇಳಿಸಿ, ಮುಂದಿನ ವರ್ಷ ಕ್ಲಚ್‌ಗೆ ಮತ್ತೆ ಇಳಿಸುವುದು ಶುದ್ಧ ದಡ್ಡತನ. ಎರಡನ್ನೂ ಈಗಲೇ ಮಾಡಿಸಿದರೆ 21,000 ಮೇಲೆ, ದುಡ್ಡಿಲ್ಲ. ಹಾಗಾಗಿ ಎರಡನ್ನೂ ಬಿಟ್ಟೆವು. ವಾರಕ್ಕೊಮ್ಮೆ ಡಿಪ್‌ಸ್ಟಿಕ್ ನೋಡುವುದು, ಕ್ಲಚ್ ಜಾರಲು ಶುರುವಾದ ದಿನ ಎರಡನ್ನೂ ಒಟ್ಟಿಗೆ ಮಾಡಿಸುವುದು.

ಆಯಿಲ್, ಫಿಲ್ಟರ್, ಕ್ರೌನ್ ಆಯಿಲ್, ಅಲೈನ್‌ಮೆಂಟ್ ಎಲ್ಲ ಸೇರುವ ಹೊತ್ತಿಗೆ ಬಿಲ್ 72,000 ದಾಟಿತ್ತು. ಹಿಂದಿನ ಸೀಟಿನ ಎ.ಸಿ. ಬ್ಲೋವರ್ ಕೆಲಸ ಮಾಡುತ್ತಿರಲಿಲ್ಲ. ಅದು ಪಕ್ಕಾ ಕಿವಿಯ ಕಾಲಂ. ಆದರೆ ಅಮ್ಮ ಕೂರುವುದು ಅಲ್ಲಿ, ಘಾಟಿ ಇಳಿದರೆ ಕರಾವಳಿಯ ಸೆಕೆ. 2,400 ಕೊಟ್ಟು ಮಾಡಿಸಿದೆ. ಅಲ್ಲಿಗೆ ಕೈ ಖಾಲಿ.

ಅಷ್ಟರಲ್ಲಿ ಅಣ್ಣ ಉದ್ದ ಸ್ಕ್ರೂಡ್ರೈವರಿನ ತುದಿಯನ್ನು ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರ್‌ಗೆ ತಾಗಿಸಿ, ಹಿಡಿಯನ್ನು ಕಿವಿಗಿಟ್ಟು ನಿಂತಿದ್ದರು. "ಬೇರಿಂಗ್ ಸ್ವಲ್ಪ ಕೊಂಯ್ ಅಂತಿದೆ ಟೀಚ್ರೆ. 1,200 ಆಗುತ್ತೆ. ಹಾಕಿಬಿಡಣ?"

ಮುಂದಿನ ಸಲ ಅಂದೆ. ಸಾವಿರ ಸಾವಿರ ಎಣಿಸಿ ಎಣಿಸಿ ಸಾಕಾಗಿತ್ತು. ಹಾಜರಿ ಪುಸ್ತಕದಲ್ಲಿ ಅದನ್ನು ಬರೆದದ್ದು ಕಿವಿಯ ಕಾಲಂನಲ್ಲಿ, ಎಡಗಡೆ ಹಿಂದಿನ ಪವರ್ ವಿಂಡೋದ ಕೆಳಗೆ.

2025ರ ಜನವರಿ. ಬೆಳಿಗ್ಗೆ ಬೇಗ ಹೊರಟು ಆಗುಂಬೆಯ 14 ತಿರುವನ್ನೂ ಸೆಕೆಂಡ್ ಗೇರಿನಲ್ಲಿ ಇಳಿದೆವು. ಸೋಮೇಶ್ವರ ದಾಟಿ ಹೆಬ್ರಿ ಹತ್ತಿರ ಬರುವಾಗ ಬೋನೆಟ್ ಒಳಗೆ ಕಿರ್ರೆಂದು ಕಿರುಚಿತು. ರಬ್ಬರ್ ಸುಟ್ಟ ವಾಸನೆ. ಬ್ಯಾಟರಿ ಲೈಟ್ ಹತ್ತಿತು, ಸ್ಟೇರಿಂಗ್ ಕಲ್ಲಾಯಿತು. ಬದಿಗೆ ತೆಗೆಯಲು ಬ್ರೇಕ್ ಒತ್ತಿದೆ. ಮೊದಲ ಸಲ ಹಿಡಿಯಿತು. ಎರಡನೇ ಸಲ ಹಿಡಿಯಿತು. ಮೂರನೇ ಸಲ ಪೆಡಲ್ ಗೋಡೆಯ ಹಾಗೆ ನಿಂತಿತು. ಸೀಟಿಗೆ ಬೆನ್ನು ಕೊಟ್ಟು ಎರಡೂ ಕಾಲಿನಲ್ಲಿ ಒತ್ತಿ, ಹ್ಯಾಂಡ್ ಬ್ರೇಕ್ ಎಳೆದು, ಒಂದು ಮೋರಿಯ ಪಕ್ಕ ಹೇಗೋ ನಿಲ್ಲಿಸಿದೆ. ಅಮ್ಮ ಹಿಂದಿನಿಂದ "ಇಲ್ಲಿ ಯಾಕೆ ನಿಲ್ಸಿದೆ?" ಅಂತ ಕೇಳಿದರು. ಎ.ಸಿ. ಬ್ಲೋವರ್ ಇನ್ನೂ ತಿರುಗುತ್ತಿತ್ತು.

ಹೆಬ್ರಿಯಿಂದ ಎಲೆಕ್ಟ್ರಿಷಿಯನ್ ಬಂದು ಬೋನೆಟ್ ಎತ್ತಿದರು. ಬೇರಿಂಗ್ ಹಿಡಿದು ಆಲ್ಟರ್ನೇಟರ್ ನಿಂತುಹೋಗಿ ಅದನ್ನು ತಿರುಗಿಸುವ ಬೆಲ್ಟ್ (ಟೈಮಿಂಗ್ ಬೆಲ್ಟ್ ಅಲ್ಲ) ಕಿತ್ತುಕೊಂಡಿತ್ತು. ಬೆಲ್ಟ್ ಹೋದರೆ ಪವರ್ ಸ್ಟೇರಿಂಗ್ ಹೋಗುವುದು ಸರಿ, ಬ್ರೇಕ್ ಯಾಕೆ ಹೋಯಿತು ಅಂದೆ.

"ವ್ಯಾಕ್ಯೂಮ್ ಪಂಪ್ ಇದರ ಬೆನ್ನಿಗೇ ಉಂಟಲ್ಲ ಮಾರಾಯ್ರೆ. ಇದು ತಿರುಗದಿದ್ರೆ ಅದು ಎಲ್ಲಿಂದ ತಿರುಗೋದು?"

ಬ್ರೇಕಿಗೆ 14,200 ಸುರಿದಿದ್ದೆ. ಆ ಬ್ರೇಕಿಗೆ ಬಲ ಕೊಡುವ ಪಂಪ್ 1,200 ರೂಪಾಯಿಯ ಬೇರಿಂಗಿಗೆ ನೇತುಬಿದ್ದಿತ್ತು. ರೀಕಂಡೀಷನ್ ಮಾಡಿದ ಆಲ್ಟರ್ನೇಟರ್, ಬೆಲ್ಟ್, ಕೂಲಿ ಸೇರಿ 8,500 ಕೊಟ್ಟು, ನಾಲ್ಕು ಗಂಟೆ ಕಾದು, ಅಮ್ಮನ ಅಪಾಯಿಂಟ್‌ಮೆಂಟ್ ತಪ್ಪಿಸಿಕೊಂಡು ವಾಪಸ್ ಬಂದೆ. ಅವತ್ತು ರಾತ್ರಿ ಕೆಂಪು ಪೆನ್ನು ತೆಗೆದುಕೊಂಡು ಕೂತೆ. ಮರುದಿನ ಅಣ್ಣನ ಹತ್ತಿರ ಹೋಗಿ ಕಿವಿಯ ಕಾಲಂನಲ್ಲಿ ಉಳಿದ ಒಂದೊಂದು ಐಟಂಗೂ ಒಂದೇ ಪ್ರಶ್ನೆ ಕೇಳಿದೆ: ಇದರ ಬೆನ್ನಿಗೆ ಏನಿದೆ? ಪವರ್ ವಿಂಡೋದ ಬೆನ್ನಿಗೆ ಏನೂ ಇಲ್ಲ, ಅದು ಇವತ್ತಿಗೂ ಕೆಳಗಿಳಿಯುವುದಿಲ್ಲ. ಸ್ಟೇರಿಂಗ್ ಪಂಪಿನ ಪೈಪ್ ಜಿನುಗುತ್ತಿದ್ದದ್ದು ಅಲ್ಲಿಂದ ಎದ್ದು ಪ್ರಾಣದ ಕಾಲಂಗೆ ಹೋಯಿತು, ಅದೇ ವಾರ ಬದಲಾಯಿತು. ಅಣ್ಣ ಆಲ್ಟರ್ನೇಟರ್ ವಿಷಯ ಒಂದು ಮಾತೂ ಎತ್ತಲಿಲ್ಲ. ಅದಕ್ಕೇ ಇನ್ನೂ ನಾಚಿಕೆಯಾಯಿತು.

ಈಗ ಮೀಟರ್ 2,38,000. ಕ್ಲಚ್ ಇನ್ನೂ ಜಾರಿಲ್ಲ, ಆಯಿಲ್ ಸೀಲ್ ಜಿನುಗುವುದು ನಿಂತಿಲ್ಲ. ಅಂಗಳದಲ್ಲಿ ಗಾಡಿ ನಿಲ್ಲಿಸುವ ಜಾಗದಲ್ಲಿ ಕಲೆಯಾಗುತ್ತದೆ ಅಂತ ಅಮ್ಮ ಅಡಿಗೆ ಒಂದು ಅಡಿಕೆ ಹಾಳೆ ಇಡುತ್ತಾರೆ. ಬೆಳಿಗ್ಗೆ ಎದ್ದು ಹೂವು ಕೊಯ್ಯಲು ಹೋಗುವಾಗ ಅದರ ಮೇಲಿನ ಹನಿ ಎಣಿಸಿ ನನಗೆ ಹೇಳುತ್ತಾರೆ. ಮೊದಲು ಮೂರು ನಾಲ್ಕು ಇರುತ್ತಿತ್ತು. ಹದಿನೈದು ದಾಟಿದರೆ ಕ್ಲಚ್‌ಗೆ ಕಾಯದೆ ಗೇರ್ ಬಾಕ್ಸ್ ಇಳಿಸುವುದು ಎಂದು ಅಣ್ಣನೂ ನಾನೂ ಮಾತಾಡಿಕೊಂಡಿದ್ದೇವೆ. ಅದಕ್ಕೆ ಬೇರೆ ದುಡ್ಡು ತೆಗೆದಿಟ್ಟಿದ್ದೇನೆ.

ಇವತ್ತು ಬೆಳಿಗ್ಗೆ ಅಮ್ಮನ ಲೆಕ್ಕ ಹನ್ನೊಂದು. ಯಜಮಾನರು ಒಂಬತ್ತೇ ಅನ್ನುತ್ತಾರೆ. ಉಳಿದೆರಡು ಹಾಳೆಯದೇ ಕಲೆಯಂತೆ.